ಬಣ್ಣದ ವೇಷದ ಗಂಟಲು ಬಾತಾಗ

ಜರ್ಮನಿಯಲ್ಲಿ ಬಾಡಿಗೆ ಮನೆಯಲ್ಲಿದ್ದು ನಾಯಿ ಸಾಕಬೇಕಾದರೆ ಸಾಮಾನ್ಯವಾಗಿ ಮನೆ ಮಾಲೀಕರನ್ನು ಕೇಳಬೇಕು. ಮೇಲಿಂದ ವರ್ಷ ವರ್ಷ ಊರಿನ ಆಡಳಿತಕ್ಕೆ ನಾಯಿ ತೆರಿಗೆ ಬೇರೆ. ಗೂಡಿನೊಳಗೆ ಇರುವ ಸಣ್ಣ ಪ್ರಾಣಿಗಾದರೆ ಅಷ್ಟು ರಗಳೆ ಇಲ್ಲ. ಅದಕ್ಕೇ ಏನೋ, ಇಲ್ಲಿ ಹಲ್ಲಿ, ಹಾವು, ಆಮೆ ಸಾಕುವವರು ಜಾಸ್ತಿ. ಹಾಮ್ ಎಂಬ ಊರಿನಲ್ಲಿ ಇವುಗಳದ್ದೇ ದೊಡ್ಡ ಸಂತೆ ವರ್ಷಕ್ಕೆ ನಾಲ್ಕು ಸಲ ನಡೆಯುತ್ತದೆ. ನಮ್ಮ ಕಡೆ ಹಾವು ಅಂದರೆ ಹಾಲಿನ ತನು ಎರೆದು ಪೂಜಿಸುವುದು ಗೊತ್ತು. ಇಲ್ಲಿ ಜನ ಅದನ್ನು ಡಬ್ಬಿಯಲ್ಲಿ ಹಾಕಿಕೊಂಡು ರೈಲು ಹತ್ತುತ್ತಾರೆ.

ಸ್ಟುಟ್‌ಗಾರ್ಟ್‌ನ ನಮ್ಮ ಮನೆಗೆ ಊಸರವಳ್ಳಿ ಬಂದದ್ದು ಮಾತ್ರ ಸಂತೆಯಿಂದಲ್ಲ. ನನ್ನ ಗಂಡನ ಸಹೋದ್ಯೋಗಿ ದೇಶ ಬಿಟ್ಟು ಹೋಗುವಾಗ ಗೂಡು, ದೀಪ, ಕಾಗದಪತ್ರ ಸಮೇತ ಕೊಟ್ಟು ಹೋದರು. ಇದು ಯೆಮೆನ್ ಊಸರವಳ್ಳಿ. ಮೂಲ ಊರು ಯೆಮೆನ್ ಮತ್ತು ಸೌದಿ ಅರೇಬಿಯಾದ ನೈರುತ್ಯ ಭಾಗ. ತಲೆಯ ಮೇಲೆ ಎತ್ತರದ ಶಿಖೆ. ಮೈಮೇಲೆ ಹಸಿರು, ಹಳದಿ, ಕಂದು ಪಟ್ಟೆ. ಸಿಟ್ಟು ಬಂದರೆ ಬಾಯಿ ತೆರೆದು ಬುಸ್ಸೆನ್ನುತ್ತದೆ. ರಜೆಯಲ್ಲಿ ಊರಿಗೆ ಹೋಗಿ ಯಕ್ಷಗಾನದ ಆಟ ನೋಡಿ ಬಂದಿದ್ದ ಮಗಳು ಒಂದೇ ನೋಟಕ್ಕೆ "ಬಣ್ಣದ ವೇಷ" ಅಂದಳು. ರಕ್ಕಸನ ಕಿರೀಟ, ಆರ್ಭಟ, ಮುಖದ ಬಣ್ಣ ಎಲ್ಲ ಸರಿಯಾಗಿಯೇ ಹೊಂದಿತು. ಈಗ ಮನೆಯಲ್ಲಿ ಅದರ ಹೆಸರು ಬರೀ "ಬಣ್ಣ".

ಉಡುಪಿಯಲ್ಲಿರುವ ಅಮ್ಮನಿಗೆ ಇದು ಇನ್ನೂ ತಮಾಷೆಯ ವಿಷಯ. "ಎಂತ ಮಾರಾಯ್ತಿ, ಕಂಪೌಂಡಿನಲ್ಲಿ ಓಡುವ ಓತಿಕ್ಯಾತಕ್ಕೆ ಅಲ್ಲಿ ಕರೆಂಟ್ ಬಿಲ್ಲಾ?" ಅಂತ ಕೇಳುತ್ತಾರೆ. ಅದಕ್ಕೆ ತಿನ್ನಿಸಲು ಅಂಗಡಿಯಿಂದ ಡಬ್ಬಿ ಡಬ್ಬಿ ಮಿಡತೆ, ಜಿರಳೆ ದುಡ್ಡು ಕೊಟ್ಟು ತರುತ್ತೇವೆ ಅಂತ ಗೊತ್ತಾದ ದಿನ ಅಮ್ಮ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಬಣ್ಣ ನಮ್ಮಲ್ಲಿಗೆ ಬರುವಾಗಲೇ ಅದರ ಗಂಟಲು ಸ್ವಲ್ಪ ತುಂಬಿಕೊಂಡಂತೆ ಇತ್ತು. ದವಡೆಯ ಕೆಳಗೆ, ಕತ್ತಿನ ಎರಡೂ ಬದಿಗೆ, ನೀರು ತುಂಬಿದ ಚರ್ಮ ಜೋತು ಬಿದ್ದ ಹಾಗೆ. ಬೆಳಿಗ್ಗೆ ಜಾಸ್ತಿ, ಸಂಜೆ ಕಡಿಮೆ. ಕೆಲವು ದಿನ ಏನೂ ಇಲ್ಲ. ಆಹಾರ ಸರಿಯಾಗಿಯೇ ತಿನ್ನುತ್ತಿತ್ತು. ಅದರ ಗಂಟಲು ಇರುವುದೇ ಹೀಗೆ ಅಂತ ಹಿಂದಿನವರು ತಿಳಿದಿದ್ದರು. ಹಾಗೆ ತಿಳಿಯುವುದು ಸುಲಭವೇ. ಊಸರವಳ್ಳಿಯ ಗಂಟಲು ಸುಮ್ಮನೆ ಇರುವ ಅಂಗವಲ್ಲ. ಹೆದರಿದಾಗ ಅದು ಗಂಟಲನ್ನು ಕೆಳಗೆ ಇಳಿಬಿಡುತ್ತದೆ, ಮೈಯನ್ನು ಚಪ್ಪಟೆ ಮಾಡಿ ದೊಡ್ಡದಾಗಿ ತೋರಿಸುತ್ತದೆ, ಬಣ್ಣ ಕಪ್ಪಾಗುತ್ತದೆ. ನೀವು ದೂರ ಹೋದರೆ ಸ್ವಲ್ಪ ಹೊತ್ತಿನಲ್ಲಿ ಮೊದಲಿನಂತೆ. ದೊಡ್ಡ ಮಿಡತೆ ನುಂಗಿದ ಮೇಲೂ ಗಂಟಲಲ್ಲಿ ಉಬ್ಬು ಕಾಣುತ್ತದೆ, ಇಳಿದು ಹೋಗುತ್ತದೆ. ನಾಲಿಗೆಯನ್ನು ಹಿಡಿದಿಡುವ ಎಲುಬು ಕೂಡ ಅಲ್ಲೇ ಇರುವುದರಿಂದ ಅದು ಚೂಪಾಗಿ ಹೊರಗೆ ಒತ್ತಿದ ಹಾಗೆ ಕಾಣುವುದುಂಟು. ಇವು ಯಾವುವೂ ರೋಗವಲ್ಲ.

ಪ್ರಾಣಿ ಶಾಂತವಾಗಿ ಕೊಂಬೆ ಮೇಲೆ ಕೂತಿರುವಾಗಲೂ ಊತ ಇದ್ದರೆ ಅದು ಬೇರೆ ಲೆಕ್ಕ. ಇದನ್ನು ತಿಳಿಯಲು ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಫೋನಿನ ಕ್ಯಾಮೆರಾ. ಒಂದೇ ಹೊತ್ತಿಗೆ, ಒಂದೇ ಬೆಳಕಿನಲ್ಲಿ, ಮುಂದಿನಿಂದ ಒಂದು, ಬದಿಯಿಂದ ಒಂದು ಫೋಟೊ. ವಾರಕ್ಕೊಮ್ಮೆ ಅಡುಗೆ ಮನೆಯ ತಕ್ಕಡಿಯಲ್ಲಿ ತೂಕ. ದಿನಾ ನೋಡುವ ಕಣ್ಣಿಗೆ ಬದಲಾವಣೆ ಗೊತ್ತಾಗುವುದಿಲ್ಲ, ಫೋಟೊ ಸಾಲಾಗಿ ಇಟ್ಟರೆ ಗೊತ್ತಾಗುತ್ತದೆ. ಊತವನ್ನು ಬೆರಳಲ್ಲಿ ಒತ್ತಿ ನೋಡುವ ಚಪಲ ಮಾತ್ರ ಬೇಡ.

ಎರಡೂ ಬದಿಗೆ ಮೆತ್ತಗೆ, ಸಮನಾಗಿ ತುಂಬಿದ್ದರೆ ಹೆಚ್ಚಾಗಿ ಅದು ನೀರು ಸೇರಿದ ಊತ. ಕತ್ತಿನ ಸುತ್ತ ಚರ್ಮ ಸಡಿಲ ಇರುತ್ತದೆ, ದೇಹದಲ್ಲಿ ಎಲ್ಲಿ ತಪ್ಪಿದರೂ ನೀರು ಬಂದು ನಿಲ್ಲಲು ಅಲ್ಲಿ ಜಾಗ ಸಿಗುತ್ತದೆ. ಒಂದೇ ಬದಿಗೆ, ಗಟ್ಟಿಯಾಗಿ, ಬಾಯಿಯ ಮೂಲೆಯ ಹತ್ತಿರ ಅಥವಾ ದವಡೆಗೆ ಅಂಟಿಕೊಂಡು ಗಂಟು ಇದ್ದರೆ ಅದು ಕುರುವಾಗಿರುವ ಸಾಧ್ಯತೆ ಜಾಸ್ತಿ. ಬಾಯಿಯ ಮೂಲೆಯಲ್ಲಿರುವ ಗ್ರಂಥಿಗೆ ಸೋಂಕು ತಾಗುವುದು, ಒಸಡಿನ ಹುಣ್ಣು ದವಡೆ ಎಲುಬಿಗೆ ಇಳಿಯುವುದು ಊಸರವಳ್ಳಿಗಳಲ್ಲಿ ಆಗುತ್ತಲೇ ಇರುತ್ತದೆ. ಇನ್ನೊಂದು ಉಂಟು. ಯೆಮೆನ್ ಜಾತಿಗೆ ಗಂಟಲಿನಲ್ಲಿ ಶ್ವಾಸನಾಳದಿಂದ ಕವಲೊಡೆದ ಒಂದು ಗಾಳಿ ಚೀಲ ಇದೆ. ಅದರಿಂದ ನಮ್ಮ ಕಿವಿಗೆ ಕೇಳದಷ್ಟು ಸಣ್ಣ ಕಂಪನ ಹೊರಡಿಸುತ್ತದೆ. ಆ ಚೀಲಕ್ಕೆ ಸೋಂಕಾದರೂ ಗಲ್ಲದ ಕೆಳಗೆ ಬಾವು ಬರುತ್ತದೆ. ಹೊರಗಿನಿಂದ ನೋಡಿ ಇದೇ ಅಂತ ಹೇಳಲು ನಿಮಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ.

ಆದ್ದರಿಂದ ವೈದ್ಯರು. ಇಲ್ಲಿ ಮೂಲೆ ಮನೆಯ ನಾಯಿ ಡಾಕ್ಟರಿಗೆ ಊಸರವಳ್ಳಿ ಹಿಡಿದುಕೊಂಡು ಹೋದರೆ ಅವರೇ ಬೇರೆ ಕಡೆ ಕಳಿಸುತ್ತಾರೆ. ಸರೀಸೃಪ ನೋಡುವ ವೈದ್ಯರ ಪಟ್ಟಿ ಬೇಕಾದರೆ ಸರೀಸೃಪ ಆಸಕ್ತರ ಸಂಘವಾದ ಡಿಜಿಎಚ್‌ಟಿಯ ಕಡೆ ಕೇಳಬಹುದು. ದರವೂ ಸರ್ಕಾರಿ ನಿಯಮದಂತೆ. 2022ರ ನವೆಂಬರಿನಲ್ಲಿ ಆ ದರ ಏರಿತು, ಅಂದಿನಿಂದ ಪ್ರಾಣಿ ಸಾಕುವ ಪ್ರತಿ ಮನೆಯಲ್ಲೂ ಅದೇ ಗೊಣಗಾಟ.

ವೈದ್ಯೆ ಮೊದಲು ಗಂಟಲು ಮುಟ್ಟಲೇ ಇಲ್ಲ. ದೀಪ ಯಾವುದು, ಯಾವಾಗ ಬದಲಿಸಿದ್ದು, ಎಷ್ಟು ದೂರದಲ್ಲಿದೆ, ಏನು ತಿನ್ನಿಸುತ್ತೀರಿ, ಯಾವ ಪುಡಿ, ಎಷ್ಟು ದಿನಕ್ಕೊಮ್ಮೆ, ಹಿಕ್ಕೆ ಹೇಗಿದೆ ಅಂತ ಕೇಳುತ್ತಾ ಹೋದರು. ಆಮೇಲೆ ಬಾಯೊಳಗೆ ನೋಡಿದರು, ಎಕ್ಸ್‌ರೇ ತೆಗೆದರು, ಬಾಲದಿಂದ ಒಂದಿಷ್ಟು ರಕ್ತ ತೆಗೆದರು. ರಕ್ತದಲ್ಲಿ ಯೂರಿಕ್ ಆಮ್ಲ, ಕ್ಯಾಲ್ಸಿಯಂ, ರಂಜಕ ನೋಡುತ್ತಾರೆ. ಸರೀಸೃಪಗಳು ನಮ್ಮ ಹಾಗೆ ಯೂರಿಯಾ ಹೊರಹಾಕುವುದಲ್ಲ, ಬಿಳಿ ಪೇಸ್ಟಿನಂಥ ಯೂರಿಕ್ ಆಮ್ಲ ಹಾಕುತ್ತವೆ. ಕಿಡ್ನಿ ಸೋತರೆ ಅದು ರಕ್ತದಲ್ಲಿ ಏರುತ್ತದೆ, ಕೊನೆಗೆ ಕೀಲುಗಳಲ್ಲಿ ಕೂತು ಗೌಟ್ ಆಗುತ್ತದೆ. ಗಂಟಲಲ್ಲಿ ನೀರು ನಿಲ್ಲಲು ಕಿಡ್ನಿ ಒಂದು ಕಾರಣ. ಲಿವರ್, ಹೃದಯ, ಹೊಟ್ಟೆಯ ಹುಳ, ಸೋಂಕು, ನೀರು ಸಾಲದಿರುವುದು, ಅತಿಯಾಗಿ ತಿನ್ನಿಸುವುದು, ಎಲ್ಲವೂ ಕಾರಣಗಳೇ. ಊತ ಬರೀ ಲಕ್ಷಣ.

ಬಣ್ಣನ ಕಿಡ್ನಿ ಸದ್ಯ ಚೆನ್ನಾಗಿತ್ತು. ವೈದ್ಯೆಯ ಬೆರಳು ಹೋಗಿ ನಿಂತದ್ದು ನಾನು ಚೀಲದಲ್ಲಿ ತಂದಿದ್ದ ಪುಡಿ ಡಬ್ಬಿಯ ಮೇಲೆ. ವಿಟಮಿನ್ ಎ, ಡಿ3 ಎಲ್ಲ ಇರುವ ಪುಡಿ. ಹಿಂದಿನವರು ಪಾಪ, ಪ್ರೀತಿಯಿಂದ ಪ್ರತಿ ಊಟಕ್ಕೂ ಹುಳದ ಮೇಲೆ ಅದನ್ನು ಉದುರಿಸುತ್ತಿದ್ದರು. ಎ, ಡಿ ಎರಡೂ ಕೊಬ್ಬಿನಲ್ಲಿ ಕರಗುವ ವಿಟಮಿನ್. ಜಾಸ್ತಿಯಾದದ್ದು ಮೂತ್ರದಲ್ಲಿ ಹೋಗುವುದಿಲ್ಲ, ಒಳಗೇ ಕೂರುತ್ತದೆ. ಡಿ3 ಅತಿಯಾದರೆ ಕ್ಯಾಲ್ಸಿಯಂ ಹೋಗಿ ಕಿಡ್ನಿಯಲ್ಲಿ, ರಕ್ತನಾಳದಲ್ಲಿ ಕೂರುತ್ತದೆ. ಹಾಗಂತ ಪೂರ್ತಿ ನಿಲ್ಲಿಸಿದರೂ ತೊಂದರೆ. ಎ ವಿಟಮಿನ್ ಕಡಿಮೆಯಾದರೆ ಕಣ್ಣು ಬಾಯುತ್ತದೆ, ಡಿ3 ಕಡಿಮೆಯಾದರೆ ಎಲುಬು ಬಾಗುತ್ತದೆ.

ನಮ್ಮವರಿಗೆ ಇದು ಅರಗುವುದು ಕಷ್ಟ. ಮಕ್ಕಳು ಸಪ್ಪೆಯಾದರೆ ಟಾನಿಕ್, ಅಜ್ಜಿ ಬಡಕಲಾದರೆ ಟಾನಿಕ್, ಪರೀಕ್ಷೆ ಹತ್ತಿರ ಬಂದರೆ ಟಾನಿಕ್. ಎರಡು ಚಮಚ ಜಾಸ್ತಿ ಹೋದರೆ ಒಳ್ಳೆಯದೇ ಆಯ್ತು ಅನ್ನುವವರು ನಾವು. ಇಷ್ಟು ಸಣ್ಣ ಪ್ರಾಣಿಗೆ ಆ ಲೆಕ್ಕ ನಡೆಯುವುದಿಲ್ಲ.

ಈಗ ನಮ್ಮಲ್ಲಿ ನಡೆಯುವುದು ಹೀಗೆ. ಡಿ3 ಇಲ್ಲದ ಬರೀ ಕ್ಯಾಲ್ಸಿಯಂ ಪುಡಿ ಪ್ರತಿ ಊಟಕ್ಕೆ, ಅದೂ ಹುಳದ ಮೈಗೆ ತೆಳುವಾಗಿ. ವಿಟಮಿನ್ ಪುಡಿ ಕೆಲವು ಕಾಲ ಪೂರ್ತಿ ಬಂದ್ ಮಾಡಿಸಿದರು, ಆಮೇಲೆ ತಿಂಗಳಿಗೆ ಒಂದೋ ಎರಡೋ ಸಲ. ಊಟ ದಿನ ಬಿಟ್ಟು ದಿನ, ಮೂರೋ ನಾಲ್ಕೋ ಹುಳ. ಬೆಳೆದ ಊಸರವಳ್ಳಿಗೆ ಅಷ್ಟು ಸಾಕು. ಅದು ಕಣ್ಣು ತಿರುಗಿಸಿ ಇನ್ನೂ ಬೇಕು ಅನ್ನುವಂತೆ ನೋಡುತ್ತದೆ, ಮಗಳ ಮನಸ್ಸು ಕರಗುತ್ತದೆ, ಅದಕ್ಕೇ ಮಿಡತೆ ಡಬ್ಬಿ ಮೇಲಿನ ಕಪಾಟಿನಲ್ಲಿ. ಪುಡಿಗಿಂತ ಹುಳದ ಹೊಟ್ಟೆಗೆ ಹೋಗುವುದು ಮುಖ್ಯ. ಮಿಡತೆಗೆ ಕ್ಯಾರೆಟ್, ಸಿಹಿಗೆಣಸು, ದಂಡೇಲಿಯನ್ ಎಲೆ ಹಾಕುತ್ತೇವೆ. ಪಾಲಕ್, ಹರಿವೆಯಂಥವು ದಿನಾ ಬೇಡ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಬಿಸಿಲಿನಲ್ಲಿರುವ ಯುವಿಬಿ ಎಂಬ ನೇರಳಾತೀತ ಕಿರಣ ಬೀರುವ ಟ್ಯೂಬ್ ಸರಿ ಇದ್ದರೆ ಡಿ3 ಚರ್ಮದಲ್ಲೇ ತಯಾರಾಗುತ್ತದೆ. ಆ ಟ್ಯೂಬ್ ಉರಿಯುತ್ತಿದ್ದರೂ ಕಿರಣ ಕಡಿಮೆಯಾಗುತ್ತಾ ಬರುವುದರಿಂದ ತಯಾರಕರು ಹೇಳಿದ ಅವಧಿಗೆ ಬದಲಿಸಬೇಕು.

ಊತ ಒಂದೇ ವಾರದಲ್ಲಿ ಇಳಿಯಲಿಲ್ಲ. ನಿಧಾನಕ್ಕೆ ಕಡಿಮೆಯಾಯಿತು, ನಡುವೆ ಮತ್ತೆ ಸ್ವಲ್ಪ ಬಂತು, ಹೋಯಿತು. ಈಗಲೂ ಅಪರೂಪಕ್ಕೆ ಒಂದು ಬೆಳಿಗ್ಗೆ ಕತ್ತು ತುಂಬಿದ ಹಾಗೆ ಕಾಣುತ್ತದೆ.

ಆ ದಿನಗಳಲ್ಲಿ ಚಿಕ್ಕಮ್ಮ ಒಂದು ಸಲಹೆ ಕೊಟ್ಟಿದ್ದರು. "ನಿನ್ನ ಚಿಕ್ಕಪ್ಪನಿಗೆ ಕಾಲು ಬಾತಾಗ ನೀರಿನ ಮಾತ್ರೆ ಕೊಟ್ಟದ್ದಲ್ವಾ? ಅದನ್ನೇ ಒಂದು ಚೂರು ಪುಡಿ ಮಾಡಿ ಕೊಡು." ನಗಬೇಡಿ. ಇಲ್ಲಿಯ ಜನರೂ ಇಂಥದ್ದು ಮಾಡುತ್ತಾರೆ. ಮೂತ್ರ ಹೆಚ್ಚಿಸಿ ಊತ ಇಳಿಸುವ ಫ್ಯೂರೋಸಮೈಡ್‌ನಂಥ ನೀರಿನ ಮಾತ್ರೆ ಮನುಷ್ಯರ ಕಿಡ್ನಿಯಲ್ಲಿ ಕೆಲಸ ಮಾಡುವುದು ಹೆನ್ಲೆಯ ಕುಣಿಕೆ ಎಂಬ ಭಾಗದಲ್ಲಿ. ಸರೀಸೃಪಗಳ ಕಿಡ್ನಿಯಲ್ಲಿ ಆ ಕುಣಿಕೆಯೇ ಇಲ್ಲ. ಹಾಗಾಗಿ ಅದು ಎಷ್ಟು ಕೆಲಸ ಮಾಡುತ್ತದೆ ಎಂಬುದರಲ್ಲಿ ವೈದ್ಯರಲ್ಲೇ ಎರಡು ಮಾತಿದೆ. ಮೊದಲೇ ನೀರು ಸಾಲದ ಪ್ರಾಣಿಯಾದರೆ ಇನ್ನಷ್ಟು ಒಣಗಿಸಿದ ಹಾಗೆ. ಕತ್ತು ಬಾತಿದ್ದರೂ ದೇಹ ಒಣಗಿರಬಹುದು, ಇದು ವಿಚಿತ್ರ ಅನಿಸಿದರೂ ನಿಜ. ಕಣ್ಣು ಗುಳಿ ಬಿದ್ದಿದ್ದರೆ, ಹಿಕ್ಕೆಯ ಬಿಳಿ ಭಾಗ ಗಾಢ ಕಿತ್ತಳೆಯಾಗಿದ್ದರೆ ನೀರು ಸಾಲದು ಅಂತ ಅರ್ಥ. ಸೂಜಿ ಚುಚ್ಚಿ ನೀರು ತೆಗೆಯುವುದಂತೂ ಮನೆಯಲ್ಲಿ ಆಗಬಾರದ ಕೆಲಸ.

ಇದೆಲ್ಲ ಬರೆಯಲು ಕೂತದ್ದು ಅಣ್ಣನ ಮಗನಿಂದಾಗಿ. ಮಂಗಳೂರಿನಲ್ಲಿ ಓದುತ್ತಿದ್ದಾನೆ. "ಅತ್ತೆ, ನನ್ನ ಫ್ರೆಂಡ್ ಹತ್ರ ಬಣ್ಣನಂಥದ್ದೇ ಒಂದಿದೆ, ಗಂಟಲು ಬಾತಿದೆ, ವಿಟಮಿನ್ ನಿಲ್ಲಿಸಿದ್ರೆ ಸಾಕಾ?" ಅಂತ ಫೋಟೊ ಕಳಿಸಿದ. ಮೊದಲು ಕೇಳಿದ್ದು ಕಾಗದ ಇದೆಯಾ ಅಂತ. ನಮ್ಮ ದೇಶದ ಊಸರವಳ್ಳಿಯನ್ನು ಹಿಡಿದು ಸಾಕುವುದು ವನ್ಯಜೀವಿ ಕಾನೂನಿನಲ್ಲಿ ಅಪರಾಧ. ಬಣ್ಣನಂಥ ಹೊರದೇಶದ ಜಾತಿಗಳಿಗೂ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ನಂತರ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಬೇಕು. ಇದೆಯಂತೆ.

ಫೋಟೊ ನೋಡಿದರೆ ಬಣ್ಣನ ಊತಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಎಡಗಡೆ ಮಾತ್ರ, ದವಡೆಗೆ ಅಂಟಿದ ಗಂಟು. ಬಾಯಿ ಪೂರ್ತಿ ಮುಚ್ಚುತ್ತಿಲ್ಲ. ಹಗಲಲ್ಲೇ ಕಣ್ಣು ಮುಚ್ಚಿಕೊಂಡಿರುತ್ತದಂತೆ. ಪುಡಿಯ ಮಾತು ಆಮೇಲೆ, ನಾಳೆ ಬೆಳಿಗ್ಗೆಯೇ ವೈದ್ಯರ ಹತ್ತಿರ ಹೋಗಿ ಅಂದೆ. ಬಾಯಿ ತೆರೆದೇ ಉಸಿರಾಡುವುದು, ಸೀಟಿ ಹೊಡೆದ ಸದ್ದು, ಮೂಗಿನಲ್ಲಿ ಗುಳ್ಳೆ, ಕೊಂಬೆಯಿಂದ ಬೀಳುವುದು, ನುಂಗಲು ಆಗದಿರುವುದು, ಇವುಗಳಲ್ಲಿ ಒಂದಿದ್ದರೂ ಕಾಯುವ ಹಾಗಿಲ್ಲ.

ಗೂಡು ಎಲ್ಲಿದೆ ಅಂತಲೂ ಕೇಳಿದೆ. ಮಳೆಗಾಲ ಅಲ್ವಾ, ಕಿಟಕಿ ಎಲ್ಲ ಮುಚ್ಚಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಕಾಡಿನ ಪ್ರಾಣಿ, ತೇವ ಇದ್ದರೆ ಖುಷಿ ಅಂತ ಲೆಕ್ಕ. ಯೆಮೆನ್‌ನ ಎತ್ತರದ ಜಾಗಗಳಲ್ಲಿ ಹಗಲು ಒಣ, ರಾತ್ರಿ ತಂಪು. ಆ ತಂಪಿನಲ್ಲಿ ಮಂಜು, ಇಬ್ಬನಿ. ಮಂಗಳೂರಿನ ಆಷಾಢದಲ್ಲಿ ಹಗಲೂ ರಾತ್ರಿ ಬೆಚ್ಚಗೆ, ಒದ್ದೆ. ಗಾಳಿ ಆಡದ ಬೆಚ್ಚನೆ ತೇವ ಸೋಂಕಿಗೆ ಒಳ್ಳೆಯ ಜಾಗ. ಬಲೆಯ ಗೂಡು, ಗಾಳಿ ಓಡಾಡುವ ಕೋಣೆ, ಹಗಲು ಎಲೆ ಒಣಗುವಷ್ಟು ಬಿಡುವು ಬೇಕು. ಸ್ಟುಟ್‌ಗಾರ್ಟ್‌ನ ಚಳಿಗಾಲದಲ್ಲಿ ಹೀಟರ್ ಹಾಕಿ ಮನೆ ಹಪ್ಪಳದಂತೆ ಒಣಗುವಾಗ ನಾನು ರಾತ್ರಿ ನೀರು ಸಿಂಪಡಿಸುವ ಯಂತ್ರ ಇಡುತ್ತೇನೆ. ಅವರಿಗೆ ಅದು ಬೇಡ, ಫ್ಯಾನ್ ಬೇಕು, ನೇರ ಮೈಗೆ ಬೀಸದ ಹಾಗೆ. ಕುಡಿಯಲು ಬೆಳಿಗ್ಗೆ ಎಲೆ ಮೇಲೆ ಹನಿ ಬಿದ್ದರಾಯ್ತು. ಮಳೆ ಬಿಟ್ಟ ದಿನ ಅರ್ಧ ನೆರಳಿನಲ್ಲಿ ಬಲೆಯ ಗೂಡು ಹೊರಗಿಡಬಹುದು. ನಾವು ಇಲ್ಲಿ ದುಡ್ಡು ಕೊಟ್ಟು ಉರಿಸುವ ಯುವಿಬಿ ಊರಿನ ಬಿಸಿಲಿನಲ್ಲಿ ಪುಕ್ಕಟೆ. ಗಾಜಿನ ಪೆಟ್ಟಿಗೆ ಮಾತ್ರ ಬಿಸಿಲಿಗೆ ಇಡಬಾರದು. ಯುವಿಬಿ ಒಳಗೆ ಬರುವುದಿಲ್ಲ, ಶಾಖ ಮಾತ್ರ ಏರುತ್ತದೆ.

ವೈದ್ಯರು ಮಂಪರು ಕೊಟ್ಟು ಗಂಟು ತೆರೆದರಂತೆ. ಸರೀಸೃಪದ ಕೀವು ನಮ್ಮ ಹಾಗೆ ನೀರಾಗಿರುವುದಿಲ್ಲ, ಗಿಣ್ಣಿನ ಹಾಗೆ ಗಟ್ಟಿ. ಸಿರಿಂಜಿನಲ್ಲಿ ಎಳೆದರೆ ಬರುವುದಿಲ್ಲ, ಬಿಡಿಸಿಯೇ ತೆಗೆಯಬೇಕು. ಈಗ ಆ್ಯಂಟಿಬಯೋಟಿಕ್ ಇಂಜೆಕ್ಷನ್ ನಡೆಯುತ್ತಿದೆ. ಯಾಕೆ ಪ್ರತಿ ಸಲ ಮುಂಗಾಲಿಗೇ ಚುಚ್ಚುತ್ತಾರೆ ಅಂತ ಹುಡುಗ ನಿನ್ನೆ ಕೇಳಿದ. ಹಿಂಗಾಲು, ಬಾಲದ ಕಡೆಯ ರಕ್ತ ಹೃದಯಕ್ಕೆ ಹೋಗುವ ಮೊದಲು ಕಿಡ್ನಿಯ ಮೂಲಕ ಹಾದು ಹೋಗಬಹುದು. ಕೆಲವು ಔಷಧಿಗಳು ಕಿಡ್ನಿಗೆ ಕೆಟ್ಟದ್ದು. ಅದಕ್ಕೇ ಮುಂಗಾಲು ಅಂದೆ.