ರಾಯಪ್ಪನ ಮನೆ ನೋಡಲು ಹೋದೆವು

ಬೈಬಲ್‌ನ ಪೇತ್ರ, ಮೀನು ಹಿಡಿಯುತ್ತಿದ್ದ ಯೇಸುವಿನ ಶಿಷ್ಯ, ನಮ್ಮ ಮನೆಯಲ್ಲಿ ಪೇತ್ರ ಅಲ್ಲ, ರಾಯಪ್ಪ. ಪೌಲ ಚಿನ್ನಪ್ಪ. ನಮ್ಮ ಕಡೆಯ ಕಥೋಲಿಕರ ಕೇರಿಯಲ್ಲಿ ರಾಯಪ್ಪ ಎಂದು ಕೂಗಿದರೆ ಒಬ್ಬರಾದರೂ ತಿರುಗಿ ನೋಡುತ್ತಾರೆ. ಹಾಗಾಗಿ ಇಸ್ರೇಲ್ ಪ್ರವಾಸ ಗೊತ್ತಾದ ದಿನವೇ ಅಮ್ಮ, ನೆಂಟರ ಮನೆಗೆ ಹೊರಟವರ ಹಾಗೆ, "ನಂಗೆ ರಾಯಪ್ಪನ ಮನೆ ತೋರಿಸಿಬಿಡು ಸಾಕು" ಅಂದರು.

ತಿಬೇರಿಯದ ಹತ್ತಿರ ಬಸ್ಸು ಇಳಿಜಾರಿಗೆ ತಿರುಗಿದಾಗ ನೀರು ಕಾಣಿಸಿತು. ಗಲಿಲಾಯ ಸಮುದ್ರ. ಅಮ್ಮ ಕಿಟಕಿಗೆ ಮುಖ ಒತ್ತಿದರು.

"ಇದೇನೋ? ಆಚೆ ದಡ ಕಾಣ್ತಿದೆ!"

ಕಾಣದೆ ಏನು! ಉದ್ದ ಸುಮಾರು 21 ಕಿಲೋಮೀಟರ್, ಅಗಲ ಜಾಸ್ತಿ ಅಂದರೆ 13. ನೀರು ಸಿಹಿ. ಉತ್ತರದಲ್ಲಿ ಯೊರ್ದಾನ್ ನದಿ ಒಳಗೆ ಬರುತ್ತದೆ, ದಕ್ಷಿಣದಲ್ಲಿ ಹೊರಗೆ ಹೋಗುತ್ತದೆ. ಸಮುದ್ರ ಮಟ್ಟಕ್ಕಿಂತ 200 ಮೀಟರಿಗೂ ಹೆಚ್ಚು ಕೆಳಗಿರುವ ಒಂದು ಸರೋವರ, ಅಷ್ಟೇ. ಸುವಾರ್ತೆ, ಅಂದರೆ ಯೇಸುವಿನ ಬದುಕಿನ ಕಥೆ, ಬರೆದ ನಾಲ್ವರಲ್ಲಿ ಲೂಕ ಮಾತ್ರ ಇದನ್ನು ಸಮುದ್ರ ಅನ್ನದೆ ಸರೋವರ ಎನ್ನುತ್ತಾನೆ. ಪೌಲನ ಜೊತೆ ನಿಜವಾದ ಸಮುದ್ರ ದಾಟಿದವನು ಅವನು ಎಂಬ ನಂಬಿಕೆ ಇದೆ. ಆದರೆ ಕೆ.ಆರ್.ಎಸ್. ಕಟ್ಟೆಯ ನೀರಿಗೆ ಸಾಗರ ಎಂದು ಹೆಸರಿಟ್ಟ ನಾವು ಇದನ್ನು ನೋಡಿ ನಗುವ ಹಾಗಿಲ್ಲ.

ಮಗ್ದಲದಲ್ಲಿ ಅರ್ಧ ಗಂಟೆ ನಿಂತೆವು. ಯೇಸುವಿನ ಶಿಷ್ಯೆ ಮಗ್ದಲದ ಮರಿಯಳ ಊರು. ಅತಿಥಿಗೃಹ ಕಟ್ಟಲು ಹೊರಟಾಗ, 2009ರಲ್ಲಿ, ಅಲ್ಲಿ ಯೇಸುವಿನ ಕಾಲದ ಯೆಹೂದ್ಯರ ಸಭಾಮಂದಿರವೇ ಸಿಕ್ಕಿತಂತೆ. ತಬ್ಗಾದ ಚರ್ಚಿನ ನೆಲದಲ್ಲಿ ಪುಟ್ಟ ಕಲ್ಲುಗಳಿಂದ ಮಾಡಿದ ಹಳೆಯ ಚಿತ್ರವಿದೆ: ಒಂದು ಬುಟ್ಟಿ ರೊಟ್ಟಿ, ಅಕ್ಕಪಕ್ಕ ಎರಡು ಮೀನು. ಐದು ರೊಟ್ಟಿ ಎರಡು ಮೀನಿನಿಂದ ಯೇಸು ಐದು ಸಾವಿರ ಜನಕ್ಕೆ ಊಟ ಹಾಕಿದ ಕಥೆ. ಅಮ್ಮ ಬಗ್ಗಿ ಎಣಿಸಿದರು. ಬುಟ್ಟಿಯಲ್ಲಿ ನಾಲ್ಕೇ! ಐದನೆಯದು ಮೇಲೆ ಬಲಿಪೀಠದಲ್ಲಿದೆ ಎಂದು ಗೈಡ್ ಹೇಳಿದರು. ಅಮ್ಮನಿಗೆ ಆ ಉತ್ತರ ಅಷ್ಟೇನೂ ಒಪ್ಪಿಗೆಯಾಗಲಿಲ್ಲ.

ಅಲ್ಲಿಂದ ಮೂರು ಕಿಲೋಮೀಟರ್ ಹೋದರೆ ಕಪೆರ್ನೌಮ್, ರಾಯಪ್ಪನ ಮನೆ ಇದ್ದ ಊರು.

ಕಪ್ಪು ಕಲ್ಲಿನ ಮೋಟು ಗೋಡೆಗಳು. ಮೊಣಕಾಲಿನಿಂದ ಎದೆಯವರೆಗೆ, ಒಂದಕ್ಕೊಂದು ಅಂಟಿಕೊಂಡ ಪುಟ್ಟ ಪುಟ್ಟ ಕೋಣೆಗಳು. ಅವುಗಳ ನಡುವೆ ಒಂದು ಮನೆಯ ಗೋಡೆಗೆ ಬಹಳ ಹಿಂದೆಯೇ ಗಾರೆ ಬಳಿದಿದ್ದರು, ಪ್ರಾರ್ಥನೆ ಕೆತ್ತಿದ್ದರು. ಐದನೇ ಶತಮಾನದಲ್ಲಿ ಅದರ ಮೇಲೆ ಎಂಟು ಮೂಲೆಯ ಚರ್ಚು ಎದ್ದಿತು. 1968ರಲ್ಲಿ ಅಗೆಯಲು ಶುರು ಮಾಡಿದವರಿಗೆ ಕೆಳಗೆ ಸಿಕ್ಕಿದ್ದು ಬೆಸ್ತರ ಮನೆ. ಗಾಳಗಳೂ ಸಿಕ್ಕವು. ಇದೇ ಪೇತ್ರನ ಮನೆ ಎಂದು ನಂಬುತ್ತಾರೆ. ಈಗ ಅದರ ಮೇಲೆ ಕಂಬಗಳ ಮೇಲೆ ನಿಂತ ಹೊಸ ಚರ್ಚು ಇದೆ, 1990ರದ್ದು. ನನ್ನ ಕಣ್ಣಿಗೆ ಅದು ಆಗ ತಾನೇ ಇಳಿದ ಹಾರುವ ತಟ್ಟೆ. ಒಳಗೆ ಹೋಗಿ ನಡುವಿನ ಗಾಜಿನಲ್ಲಿ ಬಗ್ಗಿ ನೋಡಿದರೆ ಆ ಮನೆ ಕಾಣುತ್ತದೆ.

"ಇಷ್ಟೇನಾ?" ಅಂದರು ಅಮ್ಮ. ಬೇಜಾರಿನಿಂದಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಇಷ್ಟರಲ್ಲೇ ಅತ್ತೆನೂ ಇದ್ರಲ್ಲೋ."

ಮಾರ್ಕನ ಸುವಾರ್ತೆಯಲ್ಲಿ ಅದು ಬರುತ್ತದೆ. ಯೇಸು ಸಭಾಮಂದಿರದಿಂದ ಹೊರಟು ಸೀದಾ ಪೇತ್ರನ ಮನೆಗೆ ಬಂದ. ಪೇತ್ರನ ಅತ್ತೆ ಜ್ವರದಿಂದ ಮಲಗಿದ್ದಳು. ಕೈ ಹಿಡಿದು ಎಬ್ಬಿಸಿದ. ಅವಳು ಎದ್ದು ಬಂದವರಿಗೆ ಉಪಚಾರ ಮಾಡಿದಳು. ಇಲ್ಲಿ ನಿಂತರೆ ಆ 'ಸೀದಾ' ಅರ್ಥವಾಗುತ್ತದೆ. ಸಭಾಮಂದಿರ ಕೂಗಿದರೆ ಕೇಳಿಸುವಷ್ಟು ಹತ್ತಿರ. ಈಗ ಕಾಣುವ ಬಿಳಿ ಕಲ್ಲಿನದು ನಂತರದ ಕಾಲದ್ದು, ಅದರ ಬುಡದಲ್ಲಿರುವ ಕಪ್ಪು ಕಲ್ಲು ಇನ್ನೂ ಹಳೆಯದು.

ಇನ್ನೊಂದು ಕಥೆಯೂ ಇಲ್ಲೇ ಬಿಡಿಸಿಕೊಂಡಿತು. ಪಾರ್ಶ್ವವಾಯು ಬಡಿದವನನ್ನು ನಾಲ್ವರು ಯೇಸುವಿನ ಬಳಿಗೆ ಹೊತ್ತು ತರುತ್ತಾರೆ. ಬಾಗಿಲಲ್ಲಿ ಜನ. ಸೂರು ಕಿತ್ತು ಹಾಸಿಗೆ ಸಮೇತ ಕೆಳಗೆ ಇಳಿಸುತ್ತಾರೆ. ಚಿಕ್ಕವನಿದ್ದಾಗ ನಾನು ಹೆಂಚಿನ ಸೂರು ಅಂದುಕೊಂಡಿದ್ದೆ. ಇಲ್ಲಿನ ಗೋಡೆಗಳು ಭಾರ ತಡೆಯುವಂಥವಲ್ಲ. ಮೇಲೆ ಮರದ ಕೊಂಬೆ, ಹುಲ್ಲು, ಮಣ್ಣು ಅಷ್ಟೇ. "ಮಣ್ಣಿನ ಮಾಳಿಗೆ ಅನ್ನು. ಒಂದು ಗುದ್ದಲಿ ಸಾಕು," ಅಂದರು ಅಮ್ಮ. ಪಾಪ, ಸೂರು ಯಾರು ರಿಪೇರಿ ಮಾಡಿದರೋ. ಸುವಾರ್ತೆಯಲ್ಲಿ ಆ ವಿಚಾರ ಇಲ್ಲ.

ಗಿನೋಸರ್‌ನ ಮ್ಯೂಸಿಯಂನಲ್ಲಿ ದೋಣಿ ನೋಡಿದೆವು. 1986ರ ಬರಗಾಲದಲ್ಲಿ ನೀರು ಹಿಂದೆ ಸರಿದಾಗ ಮೀನು ಹಿಡಿಯುವ ಅಣ್ಣತಮ್ಮಂದಿರಿಬ್ಬರಿಗೆ ಕೆಸರಲ್ಲಿ ಕಂಡಿದ್ದು. ಎರಡು ಸಾವಿರ ವರ್ಷದಷ್ಟು ಹಳೆಯದು, ಎಂಟು ಮೀಟರಿಗಿಂತ ಸ್ವಲ್ಪ ಉದ್ದ. ಮರ ಪುಡಿಯಾಗದಿರಲಿ ಎಂದು ನೊರೆಯಂಥ ಫೋಮ್ ಸುತ್ತಿ, ನೀರಲ್ಲೇ ತೇಲಿಸಿಕೊಂಡು ತಂದರಂತೆ. ಆಮೇಲೆ ವರ್ಷಗಟ್ಟಲೆ ರಾಸಾಯನಿಕದ ತೊಟ್ಟಿಯಲ್ಲಿ ಇಟ್ಟಿದ್ದರು. ಯೇಸು ಹತ್ತಿದ ದೋಣಿ ಎಂದು ಹೇಳಲು ಆಧಾರವಿಲ್ಲ. ನನಗೆ ಹಿಡಿಸಿದ್ದು ಅದರ ತೇಪೆ. ಹತ್ತಕ್ಕೂ ಹೆಚ್ಚು ಜಾತಿಯ ಮರ, ಸಿಕ್ಕಸಿಕ್ಕ ತುಂಡು. ಹೊಸ ಹಲಗೆಗೆ ದುಡ್ಡಿಲ್ಲದವರ ದೋಣಿ. ಇಡೀ ರಾತ್ರಿ ಬಲೆ ಬೀಸಿ ಬರಿಗೈಲಿ ಬಂದ ಪೇತ್ರನ ಸುಸ್ತು ಹೇಗಿತ್ತೆಂದು ಆ ತೇಪೆ ನೋಡಿದ ಮೇಲೆ ತಿಳಿಯಿತು.

ಮಧ್ಯಾಹ್ನ ಊಟಕ್ಕೆ 'ಸಂತ ಪೇತ್ರನ ಮೀನು'. ತೆರಿಗೆ ಕಟ್ಟಲು ದುಡ್ಡು ಬೇಕಾದಾಗ ಯೇಸು ಪೇತ್ರನನ್ನು ಗಾಳ ಹಾಕಲು ಕಳಿಸಿದ, ಮೀನಿನ ಬಾಯಲ್ಲಿ ನಾಣ್ಯ ಸಿಕ್ಕಿತು ಎಂಬ ಕಥೆಯಿಂದ ಬಂದ ಹೆಸರು. ಈ ಜಾತಿ ಗಾಳಕ್ಕೆ ಬೀಳುವುದು ಕಮ್ಮಿ, ನಾಣ್ಯ ಇದ್ದದ್ದು ಬೇರೆ ಮೀನಿನ ಬಾಯಲ್ಲಿ ಎಂದು ವಾದ ಮಾಡುವವರೂ ಇದ್ದಾರೆ. ತಟ್ಟೆಗೆ ತಲೆ ಬಾಲ ಸಮೇತ ಇಡೀ ಮೀನು ಬಂತು, ಕರಿದದ್ದು, ಪಕ್ಕದಲ್ಲಿ ನಿಂಬೆ ಹೋಳು. ಅಮ್ಮ ಅದನ್ನು ತಿರುಗಿಸಿ ನೋಡಿದರು.

"ಲೋ, ಇದು ಜಿಲೇಬಿ ಕಣೋ!"

ಹೌದು. ತಿಲಾಪಿಯಾ. ನಮ್ಮ ಕೆರೆಯ ಜಿಲೇಬಿ ಮೀನಿನ ದಾಯಾದಿ. ಅಮ್ಮ ಮುಳ್ಳು ಬಿಡಿಸುತ್ತಾ ಎರಡು ತುತ್ತು ತಿಂದರು. ಆಮೇಲೆ ಬ್ಯಾಗಿನ ಜಿಪ್ ಎಳೆದು, ಬೆಂಗಳೂರಿನಿಂದ ತಂದಿದ್ದ ಉಪ್ಪಿನಕಾಯಿ ಪೊಟ್ಟಣ ಹೊರತೆಗೆದರು.