ಎರಡು ಆಫೀಸುಗಳ ನೆಟ್‌ವರ್ಕ್ ಬೆಸೆಯಲು ಎಂಥ ರೂಟರ್ ಬೇಕು?

ಬೆಂಗಳೂರಿನಲ್ಲಿ ಇಪ್ಪತ್ತು ಜನರ ಹೆಡ್ ಆಫೀಸು, ಹುಬ್ಬಳ್ಳಿಯಲ್ಲಿ ಆರು ಜನರ ಬ್ರಾಂಚು, ಎರಡೂ ಕಡೆ 100 ಎಂಬಿಪಿಎಸ್ ಫೈಬರ್ ಎಂದಿಟ್ಟುಕೊಳ್ಳಿ. ಎರಡನ್ನೂ ಇಂಟರ್ನೆಟ್ ಮೇಲೆಯೇ ಎನ್‌ಕ್ರಿಪ್ಟ್ ಆದ ದಾರಿಯಿಂದ ಬೆಸೆಯುವ ವಿಪಿಎನ್ ಮಾತು ಬಂದ ಕೂಡಲೇ ಎಲ್ಲರೂ ರೂಟರ್ ಮಾಡೆಲ್ ಹುಡುಕಲು ಶುರುಮಾಡುತ್ತಾರೆ. ಅದಕ್ಕಿಂತ ಮೊದಲು ಲೈನ್ ನೋಡಿ.

ರೂಟರಿನ ವ್ಯಾನ್ (ಇಂಟರ್ನೆಟ್ ಕಡೆಯ) ವಿಳಾಸ 100.64ರಿಂದ 100.127ರವರೆಗಿನ ಸಾಲಿನಲ್ಲಿದ್ದರೆ ನೀವು ಸಿಜಿನ್ಯಾಟ್ ಹಿಂದಿದ್ದೀರಿ, ಅಂದರೆ ಇಂಟರ್ನೆಟ್ ಕಂಪನಿ ಒಂದೇ ಹೊರವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿದೆ, ಹೊರಗಿನಿಂದ ಯಾರೂ ನಿಮ್ಮ ರೂಟರನ್ನು ತಲುಪಲಾರರು. ಹಾಗಂತ ಎರಡೂ ಕಡೆ ಸ್ಟ್ಯಾಟಿಕ್ ಐಪಿಗೆ (ಬದಲಾಗದ ಸ್ವಂತ ವಿಳಾಸಕ್ಕೆ) ದುಡ್ಡು ಕಟ್ಟಬೇಕಿಲ್ಲ. ಹೆಡ್ ಆಫೀಸಿಗೆ ಒಂದಿದ್ದರೆ ಸಾಕು, ಬ್ರಾಂಚಿನ ರೂಟರ್ ತಾನೇ ಅಲ್ಲಿಗೆ ಕನೆಕ್ಟ್ ಆಗುತ್ತದೆ. ವೈರ್‌ಗಾರ್ಡ್ ಎಂಬ ಬಗೆಯ ವಿಪಿಎನ್ ಆದರೆ ಬ್ರಾಂಚ್ ಕಡೆ ಕೀಪ್‌ಅಲೈವ್ (ಸಂಪರ್ಕ ಜೀವಂತವಿಡುವ ಸಣ್ಣ ಪ್ಯಾಕೆಟ್) 25 ಸೆಕೆಂಡ್ ಕೊಡಿ. ಇಲ್ಲದಿದ್ದರೆ ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ನ್ಯಾಟ್ (ವಿಳಾಸ ಬದಲಿಸಿ ಕಳಿಸುವ ವ್ಯವಸ್ಥೆ) ತೆರೆದಿಟ್ಟ ದಾರಿ ಮುಚ್ಚಿಹೋಗುತ್ತದೆ.

ಎರಡೂ ಆಫೀಸುಗಳ ಒಳಗಿನ ವಿಳಾಸಗಳು 192.168.1 ಸಾಲಿನವೇ ಆಗಿದ್ದರೆ ಯಾವುದು ಯಾವ ಕಡೆಯದೆಂದು ತಿಳಿಯದೆ ಯಾವ ರೂಟರ್ ತಂದರೂ ತಲೆನೋವೇ. ಒಂದನ್ನು 10.10.1, ಇನ್ನೊಂದನ್ನು 10.20.1 ಮಾಡಿ.

ಈಗ ರೂಟರ್. ಡಬ್ಬದ ಮೇಲಿನ 'ಗಿಗಾಬಿಟ್' ಎಂಬುದು ಎನ್‌ಕ್ರಿಪ್ಷನ್ ಇಲ್ಲದ ವೇಗ. ಡೇಟಾಶೀಟಿನಲ್ಲಿ ಐಪಿಸೆಕ್ (ಇನ್ನೊಂದು ಬಗೆಯ ವಿಪಿಎನ್) ಸಾಲು ಹುಡುಕಿ, ಅದರಲ್ಲೂ 1400 ಬೈಟಿನ ಪ್ಯಾಕೆಟ್ಟಿನ ಅಂಕಿ ಬಿಟ್ಟು 512 ಬೈಟಿನದನ್ನು ಓದಿ. ಅದು ನಿಮ್ಮ ಲೈನಿನ ಎರಡರಷ್ಟಾದರೂ ಇರಲಿ. ಮೈಕ್ರೋಟಿಕ್ ಕಂಪನಿಯ ಹೆಕ್ಸ್ ಆರ್‌ಬಿ750ಜಿಆರ್3 ರೂಟರ್ ಇಂಥ ಜೋಡಿಗೆ ಸಾಲುತ್ತದೆ. ಆದರೆ ಅದರ ಚಿಪ್ ಐಪಿಸೆಕ್‌ಗೆ ನೆರವಾಗುವುದು ಎಇಎಸ್-ಸಿಬಿಸಿ ಎಂಬ ಎನ್‌ಕ್ರಿಪ್ಷನ್ ವಿಧಾನ ಆರಿಸಿದಾಗ. ಅದರ ಬದಲು ಜಿಸಿಎಂ ವಿಧಾನ ಆರಿಸಿದರೆ ಪೂರ್ತಿ ಭಾರ ಸಿಪಿಯು ಮೇಲೆ ಬಿದ್ದು ವೇಗ ಇಳಿಯುತ್ತದೆ. ವೈರ್‌ಗಾರ್ಡ್ ಬಳಸುವುದು ಚಾಚಾ20 ಎಂಬ ಬೇರೆ ವಿಧಾನ, ಅದಕ್ಕೆ ಈ ಚಿಪ್‌ನ ನೆರವಿಲ್ಲ. ಲೈನ್ 500 ಎಂಬಿಪಿಎಸ್ ಆದರೆ ಇಂಟೆಲ್ ಎನ್100 ಮಿನಿ ಪಿಸಿಯಲ್ಲಿ ಒಪಿಎನ್‌ಸೆನ್ಸ್ ಎಂಬ ರೂಟರ್ ಸಾಫ್ಟ್‌ವೇರ್ ಹಾಕುವುದೇ ಮೇಲು.

ಮೈಕ್ರೋಟಿಕ್‌ನಲ್ಲಿ ಐಪಿಸೆಕ್ ಕಟ್ಟುವವರು ಫಾಸ್ಟ್‌ಟ್ರ್ಯಾಕ್ (ಪ್ಯಾಕೆಟ್ಟನ್ನು ಕೆಲವು ಹಂತ ಬಿಟ್ಟು ಬೇಗ ಸಾಗಿಸುವ ಸೌಲಭ್ಯ) ಬಗ್ಗೆ ಎಚ್ಚರ ವಹಿಸಬೇಕು. ಫಾಸ್ಟ್‌ಟ್ರ್ಯಾಕ್ ಆದ ಪ್ಯಾಕೆಟ್ ಐಪಿಸೆಕ್ ಪಾಲಿಸಿಯನ್ನು (ಯಾವುದನ್ನು ಎನ್‌ಕ್ರಿಪ್ಟ್ ಮಾಡಬೇಕೆಂಬ ನಿಯಮವನ್ನು) ಮುಟ್ಟದೆ ಹೋಗುತ್ತದೆ. ಪಿಂಗ್ ಸರಿಯಾಗಿ ಬರುತ್ತಿರುತ್ತದೆ, ಫೈಲ್ ಮಾತ್ರ ತೆವಳುತ್ತದೆ. ಡೀಫಾಲ್ಟ್ ಫೈರ್‌ವಾಲ್‌ನಲ್ಲಿ ಐಪಿಸೆಕ್ ಪ್ಯಾಕೆಟ್ಟನ್ನು ಫಾಸ್ಟ್‌ಟ್ರ್ಯಾಕ್‌ಗೆ ಸಿಗದಂತೆ ಬಿಡುವ ಅಕ್ಸೆಪ್ಟ್ ರೂಲ್ ಮೊದಲೇ ಇರುತ್ತದೆ. ಎಲ್ಲ ಅಳಿಸಿ ಹೊಸದಾಗಿ ಬರೆಯುವವರು ಅದನ್ನು ಮರೆಯುತ್ತಾರೆ.

ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಕೂಡ ಇಂಥದೇ ಕಾಟ ಕೊಡುತ್ತದೆ. ಲಾಗಿನ್ ಪರದೆ ತೆರೆಯುತ್ತದೆ, ದೊಡ್ಡ ಫೈಲ್ ಮಧ್ಯದಲ್ಲೇ ನಿಂತುಬಿಡುತ್ತದೆ. ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವ) ಲೈನಿನಲ್ಲಿ ಸಿಗುವುದು 1492 ಬೈಟ್. ವೈರ್‌ಗಾರ್ಡ್‌ಗೆ 80 ಕಳೆದರೆ 1412. ವಿಪಿಎನ್ ಟನೆಲ್‌ಗೆ ಅಷ್ಟೇ ಕೊಟ್ಟು, ಟಿಸಿಪಿ ಎಂಎಸ್ಎಸ್ (ಹೆಡರ್ ಬಿಟ್ಟು ಒಂದು ಪ್ಯಾಕೆಟ್ಟಿನಲ್ಲಿ ಹೋಗುವ ಡೇಟಾ) ಅನ್ನು 1372ಕ್ಕೆ ಕಟ್ಟಿಹಾಕಿ. ವಿಂಡೋಸ್‌ನಲ್ಲಿ ತುಂಡಾಗದಂತೆ 1384 ಬೈಟಿನ (ಹೆಡರ್ ಸೇರಿದರೆ 1412) ಪಿಂಗ್ ಕಳಿಸಿ. ಅದು ಹೋಗಿ 1385 ಹೋಗದಿದ್ದರೆ ಲೆಕ್ಕ ಸರಿ ಇದೆ.

ಇಷ್ಟಾದರೂ ಹುಬ್ಬಳ್ಳಿಯಿಂದ ಟ್ಯಾಲಿ ನಿಧಾನ ಎನ್ನುವ ದೂರು ಬಂದೇ ಬರುತ್ತದೆ. ಡೇಟಾ ಫೋಲ್ಡರನ್ನು ಶೇರ್ ಮಾಡಿ ವಿಪಿಎನ್ ಮೇಲೆ ತೆರೆದರೆ ಪ್ರತಿ ಸಣ್ಣ ಓದಿಗೂ ಪ್ಯಾಕೆಟ್ ಹೋಗಿಬರಬೇಕು. ಒಂದು ಸುತ್ತಿಗೆ 15 ಮಿಲಿಸೆಕೆಂಡ್ ಹಿಡಿದರೆ ಸಾವಿರ ಸುತ್ತಿಗೆ 15 ಸೆಕೆಂಡ್. ಲೈನ್ ಎಷ್ಟು ದಪ್ಪ ಮಾಡಿದರೂ ಈ ಲೆಕ್ಕ ಬದಲಾಗುವುದಿಲ್ಲ. ನಡುವೆ ಲೈನ್ ಕಡಿದರೆ ಡೇಟಾ ಕೆಡುವ ಅಪಾಯ ಬೇರೆ. ಬ್ರಾಂಚಿನವರು ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಹೆಡ್ ಆಫೀಸಿನ ಸರ್ವರ್‌ಗೆ ಬಂದು ಕೆಲಸ ಮಾಡಲಿ.

ಕರೆಂಟ್ ಹೋದಾಗ ರೂಟರ್ ಒಂದೇ ಉಳಿದರೆ ಪ್ರಯೋಜನವಿಲ್ಲ, ಒಎನ್‌ಟಿಯನ್ನೂ (ಫೈಬರ್ ಬಂದು ಸೇರುವ ಡಬ್ಬ) ಯುಪಿಎಸ್‌ಗೆ ಸೇರಿಸಿ. ಹೆಕ್ಸ್ 8ರಿಂದ 30 ವೋಲ್ಟ್ ತೆಗೆದುಕೊಳ್ಳುವುದರಿಂದ 12 ವೋಲ್ಟ್ ಮಿನಿ ಯುಪಿಎಸ್ ಸಾಕು. ಇನ್ನೊಂದು ಹೆಕ್ಸ್ ಬಿಡಿಯಾಗಿ ಕೊಂಡು ಅದೇ ಸೆಟಿಂಗ್ ತುಂಬಿಸಿಡಿ. ಮೈಕ್ರೋಟಿಕ್‌ನ ಸಾಫ್ಟ್‌ವೇರ್ ಆದ ರೂಟರ್‌ಓಎಸ್ 7ರಲ್ಲಿ ಸೆಟಿಂಗ್ ಎಕ್ಸ್‌ಪೋರ್ಟ್ ಮಾಡುವಾಗ ಶೋ-ಸೆನ್ಸಿಟಿವ್ ಸೇರಿಸದಿದ್ದರೆ ವಿಪಿಎನ್‌ನ ಪ್ರೈವೇಟ್ ಕೀ ಫೈಲಿಗೆ ಬರುವುದಿಲ್ಲ.