ತಿರುಗುತ್ತಿದ್ದ ಮೋಟಾರಿನ ಒಂದು ತಂತಿ ಬಿಡಿಸಿದ ದಿನ

ಚೆನ್ನಾಗಿ ಓಡ್ತಿರೋ ಮೋಟಾರನ್ನು ಬೇಕಂತಲೇ ಕೆಡಿಸೋದಕ್ಕೆ ಕೈ ಬರಲ್ಲ. ಆವತ್ತು ನಮಗಿದ್ದ ಕೆಲಸ ಅದೇ.

ಬೆಂಚಿನ ಮೇಲಿದ್ದದ್ದು ಐದು ಫೇಸಿನ, ಅಂದರೆ ಒಂದಾದ ಮೇಲೊಂದು ಕರೆಂಟ್ ಏರಿಳಿಯೋ ಐದು ಕಾಯಿಲ್ ಗುಂಪುಗಳ, ಪರ್ಮನೆಂಟ್ ಮ್ಯಾಗ್ನೆಟ್ ಮೋಟಾರ್. ಮಾಮೂಲಿ ಮೋಟಾರಿನ ಮೂರು ಫೇಸ್‌ಗಳ ನಡುವೆ 120 ಡಿಗ್ರಿ, ಇದರಲ್ಲಿ 72. ಮೂರರಲ್ಲಿ ಒಂದು ಕಡಿದರೆ ಉಳಿದೆರಡು ಕಾಯಿಲ್‌ಗಳಲ್ಲಿ ಒಂದೇ ಕರೆಂಟ್ ಹೋಗಿ ಬರುತ್ತೆ. ಅದರಿಂದ ಕಾಂತಕ್ಷೇತ್ರ ಸಮನಾಗಿ ಸುತ್ತಲ್ಲ. ಐದರಲ್ಲಿ ಒಂದು ಹೋದರೆ ಇನ್ನೂ ನಾಲ್ಕಿವೆ, ಸುತ್ತಿಸೋಕೆ ದಾರಿ ಇದೆ. ಆ ದಾರಿ ಹಿಡಿಸೋ ಪ್ರೋಗ್ರಾಂ ನಾನು ಬರೆದಿದ್ದೆ.

ಒಂದು ಫೇಸ್ ಕಡಿಯೋಕೆ, ಮೋಟಾರಿಗೆ ಕರೆಂಟ್ ಕೊಡೋ ಇನ್ವರ್ಟರಿನಲ್ಲಿ ಅದರ ಸ್ವಿಚ್‌ಗಳಿಗೆ ಸಿಗ್ನಲ್ ನಿಲ್ಲಿಸಿದರೆ ಸಾಕು ಅಂದುಕೊಂಡಿದ್ದೆ. ಆದರೆ ವೇಗ ಜಾಸ್ತಿಯಾದಾಗ ಮ್ಯಾಗ್ನೆಟ್ ಹುಟ್ಟಿಸೋ ವೋಲ್ಟೇಜು ಆ ಸ್ವಿಚ್‌ಗಳ ಜೊತೆಗಿರೋ ಡಯೋಡ್ ಮೂಲಕ ಕರೆಂಟ್ ನುಗ್ಗಿಸಬಹುದು. ಹಾಗಾಗಿ ತಂತಿಗೇ ಒಂದು ಸ್ವಿಚ್ ಹಾಕಿದೆವು.

600 ಆರ್‌ಪಿಎಂ, ಮೋಟಾರಿಗೆ ನಾಲ್ಕು ಜೋಡಿ ಧ್ರುವ, ಅಂದರೆ 40 ಹರ್ಟ್ಜ್ ಕರೆಂಟ್. ಸ್ವಿಚ್ ಎಳೆದೆ. ನುಣ್ಣಗೆ ಗುಂಯ್‌ಗುಡ್ತಿದ್ದದ್ದು ಗರಗರ ಅನ್ನತೊಡಗಿತು. ಮೇಜಿನ ಮೇಲಿದ್ದ ಸ್ಕ್ರೂ ಒಂದು ತಾನಾಗೇ ಅಂಚಿನ ಕಡೆ ಸರಿಯಿತು. ಟಾರ್ಕ್, ಅಂದರೆ ತಿರುಗಿಸೋ ಬಲ, 80 ಹರ್ಟ್ಜ್‌ನಲ್ಲಿ, ಕರೆಂಟಿನ ಎರಡು ಪಟ್ಟು, ಕುಣೀತಿತ್ತು. ಇದು ನಿರೀಕ್ಷಿಸಿದ್ದೇ. ಈಗ ನನ್ನ ಪ್ರೋಗ್ರಾಂ ಚಾಲೂ ಮಾಡಿದೆ. ಗರಗರ ನಿಲ್ಲೋದಿರಲಿ, ಇನ್ನೂ ಜಾಸ್ತಿಯಾಗಿ ಇನ್ವರ್ಟರೇ ಟ್ರಿಪ್ ಆಯ್ತು.

ಎರಡು ಗಂಟೆ ಸೆನ್ಸರಿನ ಮೇಲೆ, ವೈರಿಂಗ್ ಮೇಲೆ, ಕೊನೆಗೆ ಪಾಪ ಮೋಟಾರಿನ ಮೇಲೂ ಅನುಮಾನಪಟ್ಟೆ. ಕಾಗದದ ಲೆಕ್ಕ ಸರಿಯಿತ್ತು: ನಾಲ್ಕೂ ಫೇಸ್‌ಗೆ ಮೊದಲಿನ 1.38 ಪಟ್ಟು ಕರೆಂಟ್, ಕೋನಗಳನ್ನು ಸರಿಸಿದರೆ ಒಟ್ಟು ಮೊತ್ತ ಸೊನ್ನೆ.

ಪಕ್ಕದಲ್ಲಿ ಕೋಡ್ ನೋಡ್ತಿದ್ದ ಹುಡುಗ ಮೆಲ್ಲಗೆ ಕೇಳಿದ: "ಸರ್, ಎರಡನೇ ಜೋಡಿನ ಇನ್ನೂ ಸೊನ್ನೇಲೇ ಹಿಡಿದಿಟ್ಟಿದೀವಲ್ವಾ?"

ಲೆಕ್ಕದಲ್ಲಿ ಐದು ಕರೆಂಟ್‌ಗಳನ್ನು ಎರಡು ಜೋಡಿ ಸಂಖ್ಯೆ ಮಾಡಿಕೊಳ್ತೀವಿ (ಒಟ್ಟು ಮೊತ್ತ ಸೊನ್ನೆ, ಹಾಗಾಗಿ ನಾಲ್ಕು ಸಾಕು). ಮೊದಲ ಜೋಡಿ ಟಾರ್ಕ್ ಕೊಡುತ್ತೆ. ಎರಡನೆಯದು ನಮ್ಮ ಮೋಟಾರಿನಲ್ಲಿ ಬರೀ ಶಾಖ, ಅದಕ್ಕೇ ಅದನ್ನು ಸೊನ್ನೇಲಿ ಹಿಡಿದಿಡೋದು. ಆದರೆ ಕಡಿದ ಫೇಸಿನ ಕರೆಂಟ್ ಅಂದರೆ ಎರಡೂ ಜೋಡಿಗಳ ಮೊದಲ ಭಾಗ ಕೂಡಿದ್ದು. ಆ ಮೊತ್ತ ಸೊನ್ನೆಯಾಗಬೇಕಾದರೆ ಒಂದು ಏರಿದಷ್ಟೂ ಇನ್ನೊಂದು ಇಳೀಲೇಬೇಕು. ನಾನು ಮೊದಲ ಜೋಡಿಗೆ ಮಾತ್ರ ಹೊಸ ಗುರಿ ಕೊಟ್ಟು, ಎರಡನೆಯದನ್ನು ಹಳೇ ಫೈಲಿನ ಸೊನ್ನೆಗೇ ಬಿಟ್ಟಿದ್ದೆ. ಗುರಿಗೂ ನಿಜ ಕರೆಂಟಿಗೂ ಇರೋ ವ್ಯತ್ಯಾಸ ನೋಡಿ ವೋಲ್ಟೇಜ್ ತಿದ್ದೋ ಪಿಐ ಕಂಟ್ರೋಲರ್ ಆಗದ ಕೆಲಸಕ್ಕೆ ಹಟ ಹಿಡಿದು ವೋಲ್ಟೇಜ್ ಏರಿಸ್ತಾನೇ ಇತ್ತು.

ಆ ಸಾಲು ತಿದ್ದಿದ್ವಿ. 40 ಹರ್ಟ್ಜ್‌ನಲ್ಲಿ ಏರಿಳಿಯೋ ಗುರಿಯ ಹಿಂದೆ ಓಡೋಕೆ ಬರೀ ಪಿಐ ಸಾಲದು ಅಂತ, ಆ ಒಂದು ಫ್ರೀಕ್ವೆನ್ಸಿಯ ಏರಿಳಿತದ ಬೆನ್ನು ಬಿಡದ ರೆಸೊನೆಂಟ್ ಕಂಟ್ರೋಲರ್ ಸೇರಿಸಿದ್ವಿ. ಮತ್ತೆ ಸ್ವಿಚ್ ಎಳೆದೆ. ಒಂದು ಕ್ಷಣ ಗರ್ ಅಂದದ್ದು ತಣ್ಣಗಾಯ್ತು. ಸ್ಕ್ರೂ ಇದ್ದಲ್ಲೇ ಇತ್ತು.

ಹಾಗಂತ ಬಿಟ್ಟಿ ಏನೂ ಸಿಗಲಿಲ್ಲ. ತಂತಿಯ ಮಿತಿ ದಾಟದೆ ಸಿಗೋದು ಪೂರ್ತಿ ಟಾರ್ಕಿನ ಸುಮಾರು 72%. ಪೂರ್ತಿ ಬೇಕು ಅಂದರೆ ಕಾಯಿಲ್‌ಗಳ ಶಾಖ ಒಂದೂವರೆ ಪಟ್ಟು. ಶಾಖ ಅತಿ ಕಡಿಮೆ ಇರೋ ಇನ್ನೊಂದು ಹಂಚಿಕೆ ಇದೆ, ಆದರೆ ಅದರಲ್ಲಿ ಎರಡು ಫೇಸ್ ಜಾಸ್ತಿ ಕರೆಂಟ್ ಹೊರಬೇಕಾಗಿ ಟಾರ್ಕ್ 68%ಗೆ ಇಳಿಯುತ್ತೆ. ಅದರಿಂದ ಕಮ್ಮಿಯಾಗೋ ಶಾಖ ಎರಡು ಪರ್ಸೆಂಟೂ ಇಲ್ಲ. ನಾನಾದರೆ ಸಮಪಾಲನ್ನೇ ಆರಿಸ್ತೀನಿ.

ಖುಷಿಯಲ್ಲಿ ತಂತಿ ಮತ್ತೆ ಸೇರಿಸಿ, ಲೋಡ್ ತೆಗೆದು ಮೋಟಾರನ್ನು ಸುಮ್ನೆ ಓಡಲು ಬಿಟ್ಟೆ. ಪರದೆಯಲ್ಲಿ ಕೆಂಪಕ್ಷರ: ಮೂರನೇ ಫೇಸ್ ಕಡಿದಿದೆ.

"ಈಗ ಯಾವುದು ಕಿತ್ರಿ ಸರ್?"

"ಯಾವುದೂ ಇಲ್ಲ ಮಾರಾಯ."

ಕರೆಂಟ್ ಸೊನ್ನೆಯ ಹತ್ತಿರ ಸ್ವಲ್ಪ ಹೊತ್ತು ನಿಂತರೆ ತಂತಿ ಕಡಿದಿದೆ ಅಂತ ತಿಳಿ, ಅಂತ ನಾನೇ ಬರೆದಿದ್ದೆ. ಲೋಡ್ ಇಲ್ಲದಾಗ ಐದೂ ಫೇಸ್‌ಗಳು ಸೊನ್ನೆಯ ಹತ್ತಿರವೇ ಅಲ್ವಾ? ಕುರ್ಚಿ ಎಳೆದುಕೊಂಡು ಮತ್ತೆ ಕೂತೆ.